ದಾರಿ ಬದಲಿಸಿದ ನದಿ, ದಡದಲ್ಲೊಂದು ನೂಲಿನ ಊರು

ಹಿಮಯುಗದಲ್ಲಿ ಸ್ಕಾಟ್‌ಲೆಂಡಿನ ಕ್ಲೈಡ್ ನದಿ ತನ್ನ ಹಳೆಯ ಪಾತ್ರವನ್ನು ಕಳೆದುಕೊಂಡಿತು. ಹಿಮನದಿಗಳು ಹೊತ್ತು ತಂದ ಜೇಡಿಮಣ್ಣು, ಕಲ್ಲುಗುಂಡುಗಳು ಕಣಿವೆಯನ್ನು ಮುಚ್ಚಿಬಿಟ್ಟಿದ್ದವು. ಹಿಮ ಕರಗಿದಾಗ ನೀರು ಪಕ್ಕಕ್ಕೆ ಹೊರಳಿ, ಪುರಾತನ ಮರಳುಗಲ್ಲನ್ನು ಕೊರೆಯತೊಡಗಿತು. ಹಾಗೆ ಹುಟ್ಟಿದ್ದು ಇಕ್ಕಟ್ಟಾದ ಕಮರಿ, ಅದರೊಳಗೆ ಒಂದರ ಕೆಳಗೊಂದು ಧುಮುಕುವ ಜಲಪಾತಗಳು. ದೊಡ್ಡದಾದ ಕೋರಾ ಲಿನ್ ಸುಮಾರು 26 ಮೀಟರ್ ಎತ್ತರ. ಗ್ಲಾಸ್ಗೋದಿಂದ 40 ಕಿಲೋಮೀಟರ್ ದೂರದ ನ್ಯೂ ಲ್ಯಾನಾರ್ಕ್ ಎಂಬ ನೂಲಿನ ಗಿರಣಿಯ ಊರು ಇರುವುದು ಈ ಕಮರಿಯ ತಳದಲ್ಲಿ.

ಇಂಥ ಮೂಲೆಯಲ್ಲಿ ಊರು ಕಟ್ಟಬೇಕೆಂದು ಯಾರಿಗೂ ತೋಚುವಂತಿರಲಿಲ್ಲ. ತೋಚುವಂತೆ ಮಾಡಿದ್ದು ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ಪೇಟೆಂಟ್ ಪಡೆದ ನೂಲುವ ಯಂತ್ರ. ಅದರಲ್ಲಿ ಹತ್ತಿಯ ಎಳೆ ಜೋಡಿ ಜೋಡಿ ರೋಲರ್‌ಗಳ ನಡುವೆ ಸಾಗುತ್ತದೆ. ಮುಂದಿನ ಜೋಡಿ ಹಿಂದಿನದಕ್ಕಿಂತ ವೇಗವಾಗಿ ತಿರುಗುವುದರಿಂದ ಎಳೆ ಹಿಗ್ಗಿ ಸಣ್ಣದಾಗುತ್ತದೆ, ಕೊನೆಗೆ ಹುರಿಗೊಂಡು ಗಟ್ಟಿ ನೂಲಾಗುತ್ತದೆ. ಇಂಥ ಸಾಲು ಸಾಲು ಯಂತ್ರಗಳನ್ನು ದಿನವಿಡೀ ಒಂದೇ ವೇಗದಲ್ಲಿ ತಿರುಗಿಸಲು ಮನುಷ್ಯನ ತೋಳು ಸಾಲದು. ಬೀಳುವ ನೀರು ಬೇಕು. ಗ್ಲಾಸ್ಗೋದ ವ್ಯಾಪಾರಿ, ಒಂದು ಕಾಲಕ್ಕೆ ನೇಕಾರನಾಗಿದ್ದ ಡೇವಿಡ್ ಡೇಲ್, ಆರ್ಕ್‌ರೈಟ್‌ನನ್ನು ಈ ಜಲಪಾತಗಳ ಬಳಿಗೆ ಕರೆತಂದ. 1785ರಲ್ಲಿ ಕೆಲಸ ಶುರುವಾಯಿತು. ಬಂಡೆಯಲ್ಲಿ ಸುರಂಗ ಕೊರೆದು ನದಿಯ ನೀರನ್ನು ಗಿರಣಿಯ ಚಕ್ರಗಳಿಗೆ ಹಾಯಿಸಿದರು.

ನೀರು ಸಿಕ್ಕಿತು, ಜನ ಸಿಗಲಿಲ್ಲ. ಕಮರಿಯಲ್ಲಿ ಮನೆಗಳೇ ಇರಲಿಲ್ಲವಲ್ಲ! ಡೇಲ್ ಮನೆ ಕಟ್ಟಿಸಿದ. 1791ರಲ್ಲಿ ಅಮೆರಿಕಕ್ಕೆ ಹೊರಟು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರು ಸೇರಿದ್ದ ಸ್ಕಾಟ್‌ಲೆಂಡಿನ ಬೆಟ್ಟನಾಡು ಹೈಲ್ಯಾಂಡ್ಸ್ ಪ್ರದೇಶದ ಜನರನ್ನು ಕೆಲಸಕ್ಕೆ ಕರೆದ. ಅನಾಥ ಮಕ್ಕಳನ್ನು ತಂದ. 1793ರ ವೇಳೆಗೆ 1,100ಕ್ಕೂ ಹೆಚ್ಚು ಕೆಲಸಗಾರರಲ್ಲಿ ಸುಮಾರು 800 ಮಂದಿ ಮಕ್ಕಳು, ಹದಿಹರೆಯದವರು. ಹಗಲೆಲ್ಲ ದುಡಿದ ಆ ಮಕ್ಕಳಿಗೆ ಪಾಠ ಸಿಗುತ್ತಿದ್ದದ್ದು ಸಂಜೆ. ತೂಕಡಿಸುವ ಕಣ್ಣುಗಳಿಗೆ ಅಕ್ಷರ ಹೇಗೆ ಕಂಡಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಡೇಲ್‌ನ ಅಳಿಯ ರಾಬರ್ಟ್ ಓವನ್ 1800ರಲ್ಲಿ ಆಡಳಿತ ವಹಿಸಿಕೊಂಡ. ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಯಿಂದ ಬಿಡಿಸಿದ. 1816ರ ಜನವರಿ 1ರಂದು ತೆರೆದ ಅವನ ವಿದ್ಯಾಸಂಸ್ಥೆಯಲ್ಲಿ ಪುಟಾಣಿಗಳಿಗೂ ಶಾಲೆಯಿತ್ತು. ಹಾಡು, ಕುಣಿತ, ಪ್ರಕೃತಿಪಾಠ ಇದ್ದವು, ಹೊಡೆತ ಇರಲಿಲ್ಲ. ಊರಿನ ಅಂಗಡಿಯ ಲಾಭ ಶಾಲೆಗೆ ಹೋಗುತ್ತಿತ್ತು. ಕೆಲಸಗಾರರ ಪಕ್ಕದಲ್ಲಿ ನಾಲ್ಕು ಬಣ್ಣದ ಮರದ ತುಂಡು ತೂಗುತ್ತಿತ್ತು: ಕಪ್ಪು ಮುಂದಿದ್ದರೆ ನಿನ್ನೆಯ ನಡತೆ ಕೆಟ್ಟದ್ದು, ಬಿಳಿಯಾದರೆ ಅತ್ಯುತ್ತಮ. ಬೈಗುಳ, ಏಟು ತಪ್ಪಿತು ನಿಜ. ಆದರೆ ಎಲ್ಲರೆದುರು ದಿನವಿಡೀ ಕಪ್ಪು ಹೊತ್ತು ನಿಲ್ಲುವುದೂ ಶಿಕ್ಷೆಯೇ.

ನನ್ನನ್ನು ಹೆಚ್ಚು ಕಾಡುವುದು ಹತ್ತಿ. ಸ್ಕಾಟ್‌ಲೆಂಡಿನ ಚಳಿಯಲ್ಲಿ ಅದು ಬೆಳೆಯದು. ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದ ದಕ್ಷಿಣದಲ್ಲಿ ಗುಲಾಮರು ಬಿಡಿಸಿದ ಹತ್ತಿ ಹಡಗೇರಿ ಬರುತ್ತಿತ್ತು. ಗುಲಾಮರ ವ್ಯಾಪಾರವನ್ನು ವಿರೋಧಿಸಿದ ಗ್ಲಾಸ್ಗೋ ಸಂಘದ ಮುಂದಾಳು ಇದೇ ಡೇಲ್. ಅವನ ಗಿರಣಿಗೆ ಬೇಕಾಗಿದ್ದದ್ದೂ ಅದೇ ಹತ್ತಿ.

ಗಿರಣಿ 1968ರಲ್ಲಿ ಮುಚ್ಚಿತು. 2001ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಲೈಡ್‌ನ ನೀರು ಈಗಲೂ ಅಲ್ಲಿನ ಟರ್ಬೈನ್ ತಿರುಗಿಸಿ ವಿದ್ಯುತ್ ಕೊಡುತ್ತದೆ. ಹಳೆಯ ಯಂತ್ರವೊಂದು ಮತ್ತೆ ನೂಲುತ್ತಿದೆ, ಈ ಸಲ ಉಣ್ಣೆಯನ್ನು.