ಎರಡು ಭಾಷೆಗೆ ಒಂದೇ ಮಿದುಳು

ಮಿದುಳಿನ ಎಡ ಬಲ ಅರ್ಧಗಳು ನೋಡಲು ಒಂದೇ ಥರ. ಅಳೆದರೆ ಹಾಗಿಲ್ಲ. 1968ರಲ್ಲಿ ಅಮೆರಿಕದ ನಾರ್ಮನ್ ಗೆಶ್‌ವಿಂಡ್ ಮತ್ತು ವಾಲ್ಟರ್ ಲೆವಿಟ್‌ಸ್ಕಿ, ತೀರಿಕೊಂಡವರ 100 ಮಿದುಳುಗಳನ್ನು ಅಳೆದರು. ಕಿವಿಯ ನೇರಕ್ಕೆ, ಮಡಿಕೆಯೊಳಗೆ ಅಡಗಿರುವ ಪ್ಲಾನಮ್ ಟೆಂಪೊರಾಲೆ ಎಂಬ ಜಾಗ 65 ಮಿದುಳುಗಳಲ್ಲಿ ಎಡಗಡೆ ದೊಡ್ಡದಿತ್ತು. ಬಲಗಡೆ ದೊಡ್ಡದಿದ್ದದ್ದು 11ರಲ್ಲಿ ಮಾತ್ರ. ಕೇಳಿದ ಮಾತು ಅರ್ಥವಾಗುವ ಕೆಲಸ ನಡೆಯುವುದು ಇದರ ಆಸುಪಾಸಿನಲ್ಲೇ. ಹುಟ್ಟುವ ಮೊದಲೇ ಮಗುವಿನ ಮಿದುಳಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ಹಾಗಂತ ಗಾತ್ರ ನೋಡಿ ಮಾತಿನ ಜಾಗ ಹೇಳಲು ಆಗುವುದಿಲ್ಲ. ಬಲಗೈ ಬಳಸುವವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ಮಾತಿನ ಮುಖ್ಯ ಕೆಲಸ ಎಡಗಡೆಯೇ. ಎಡಚರಲ್ಲೂ ಹೆಚ್ಚಿನವರಿಗೆ ಹಾಗೇ. ಸನ್ನೆ ಭಾಷೆಯಲ್ಲೇ ಬೆಳೆದ ಕಿವುಡರಿಗೂ ಎಡಗಡೆ ಪೆಟ್ಟಾದರೆ ಸನ್ನೆಗಳು ತಪ್ಪುತ್ತವೆ. ಬಲಗಡೆಯೇನೂ ಸುಮ್ನೆ ಕೂರುವುದಿಲ್ಲ. ದನಿಯ ಏರಿಳಿತ, ಅದರ ಹಿಂದಿನ ಭಾವ ತಿಳಿಯಲು ಅದು ಬೇಕು.

ಎರಡನೇ ಭಾಷೆಗೆ ಜಾಗ ಎಲ್ಲಿ? ಬಹುಮಟ್ಟಿಗೆ ಮೊದಲ ಭಾಷೆಯ ಜಾಗದಲ್ಲೇ. ಹಾಗಾಗಿ ಒಂದನ್ನು ಆಡುವಾಗ ಇನ್ನೊಂದೂ ಎಚ್ಚರವಾಗಿರುತ್ತದೆ. ಬೇಡದ ಪದವನ್ನು ತಡೆದು ಬೇಕಾದದ್ದನ್ನು ಹೊರಗೆ ಬಿಡುವ ಕೆಲಸ ದಿನವಿಡೀ ನಡೆಯುತ್ತದೆ. ಮಿದುಳಿನ ಮುಂಭಾಗಕ್ಕೆ ಅದು ದೊಡ್ಡ ವ್ಯಾಯಾಮ.

ಈ ವ್ಯಾಯಾಮದಿಂದ ಮುಪ್ಪಿನಲ್ಲಿ ಲಾಭ ಇದೆಯಾ? ಕೆನಡಾದ ಸಂಶೋಧಕರು ಇದೆ ಎಂದರು. ನೆನಪು, ಯೋಚನೆ ಕುಂದುತ್ತಾ ಹೋಗುವ ಡಿಮೆನ್ಷಿಯಾ ಎರಡು ಭಾಷೆಯವರಿಗೆ ತಡವಾಗಿ ಬರುತ್ತದೆ ಎಂದರು. ಆದರೆ ಅಲ್ಲಿ ಎರಡು ಭಾಷೆ ಆಡುವವರಲ್ಲಿ ವಲಸೆ ಬಂದವರೇ ಜಾಸ್ತಿ. ಲಾಭ ಭಾಷೆಯದ್ದೋ ವಲಸೆಯದ್ದೋ ಎಂದು ಬಿಡಿಸುವುದು ಕಷ್ಟ, ಅಲ್ವಾ? ಅದಕ್ಕೆ ಉತ್ತರ ಹುಡುಕಲು ಹೈದರಾಬಾದ್ ಒಳ್ಳೆಯ ಜಾಗ. ತೆಲುಗು, ಉರ್ದು, ಹಿಂದಿ ಅಲ್ಲಿ ಬೀದಿಯಲ್ಲೇ ಸಿಗುತ್ತವೆ. ಶಾಲೆಗೆ ಹೋಗದವರೂ ಎರಡು ಭಾಷೆ ಆಡುತ್ತಾರೆ. ಅಲ್ಲಿನ ನಿಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದರು. 2013ರಲ್ಲಿ ಬಂದ ಫಲಿತಾಂಶ ಇದು: ಎರಡು ಭಾಷೆಯವರಲ್ಲಿ ರೋಗ ಸರಾಸರಿ 4.5 ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು. ನನಗೆ ಇಡೀ ಅಧ್ಯಯನದಲ್ಲಿ ಅತಿ ಮುಖ್ಯ ಎನಿಸುವುದು ಇದೇ. ಎರಡಕ್ಕಿಂತ ಹೆಚ್ಚು ಭಾಷೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ಆದರೂ ‘ಮಗುವಿಗೆ ಗೊಂದಲವಾಗುತ್ತದೆ’ ಎಂದು ಮನೆಯಲ್ಲಿ ಕನ್ನಡ ಬಿಡಿಸಲು ಇಲ್ಲಿ ಯಾವ ಕಾರಣವೂ ಸಿಗುವುದಿಲ್ಲ.

2016ರಲ್ಲಿ ಇದೇ ತಂಡ 608 ಸ್ಟ್ರೋಕ್ ರೋಗಿಗಳ ಬಗ್ಗೆ ಬರೆಯಿತು. ಆಮೇಲೂ ನೆನಪು, ಗಮನ, ಯೋಚನೆ ಸರಿಯಾಗಿ ಉಳಿದವರು ಎರಡು ಭಾಷೆಯವರಲ್ಲಿ ಶೇ 40.5, ಒಂದೇ ಭಾಷೆಯವರಲ್ಲಿ ಶೇ 19.6. ಆದರೆ ಮಾತು ಕೆಡುವ ಅಫೇಸಿಯಾ ವಿಷಯದಲ್ಲಿ ಎರಡೂ ಗುಂಪು ಒಂದೇ. ಅಂದರೆ ಮಾತಿನ ಜಾಗಕ್ಕೇ ಪೆಟ್ಟು ಬಿದ್ದರೆ ಎರಡನೇ ಭಾಷೆ ಕಾಪಾಡುವುದಿಲ್ಲ.

ಆಮೇಲೆ ಯಾವ ಭಾಷೆ ಮೊದಲು ಮರಳುತ್ತದೆ? ಕೆಲವರಿಗೆ ಬಾಲ್ಯದ್ದು, ಕೆಲವರಿಗೆ ದಿನವೂ ಬಳಸಿದ್ದು, ಕೆಲವರಿಗೆ ಎರಡೂ ಒಟ್ಟಿಗೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ ಆಡುತ್ತಿದ್ದವರನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಉಳಿದಿರುವ ಮಾತು ಕಣ್ಣಿಗೇ ಬೀಳದೆ ಹೋಗಬಹುದು. ಅವರು ಯಾವ್ಯಾವ ಭಾಷೆ ಆಡುತ್ತಿದ್ದರು ಎಂದು ಮನೆಯವರು ಚಿಕಿತ್ಸಕರಿಗೆ ಮೊದಲ ದಿನವೇ ಹೇಳಬೇಕು.