ಕ್ಷಯದ ಆಸ್ಪತ್ರೆ ಆಗಬೇಕಿದ್ದ ಹೋಟೆಲ್

ಸಿಸಿಲಿ ದ್ವೀಪದ ಪಲೆರ್ಮೋ ನಗರದಲ್ಲಿ, ಪೆಲ್ಲೆಗ್ರಿನೋ ಬೆಟ್ಟದ ಬುಡಕ್ಕೆ, ಸಮುದ್ರಕ್ಕೆ ಮುಖ ಮಾಡಿ ಒಂದು ಹೋಟೆಲ್ ಇದೆ. ಹೆಸರು ವಿಲ್ಲಾ ಇಜೇಯಾ. ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್ ಇಲ್ಲಿಗೆ ಬಂದಿದ್ದರು. ಯುರೋಪಿನ ಎಷ್ಟೋ ರಾಜಮನೆತನದವರು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದರು. ಆದರೆ ಇದು ಹೋಟೆಲ್ ಆಗಬೇಕು ಅಂತ ಶುರುವಾದದ್ದಲ್ಲ. ಇಲ್ಲಿ ಕ್ಷಯ ರೋಗಿಗಳ ಆಸ್ಪತ್ರೆ ಬರಬೇಕಿತ್ತು.

ಇದನ್ನು ಕಟ್ಟಿಸಿದವರು ಫ್ಲೋರಿಯೋ ಮನೆತನದವರು. ಅವರ ಹಡಗುಗಳಿದ್ದವು, ಮಾರ್ಸಾಲಾ ವೈನಿನ ವ್ಯಾಪಾರವಿತ್ತು, ಫವಿಗ್ನಾನಾ ದ್ವೀಪದಲ್ಲಿ ಟ್ಯೂನಾ ಮೀನಿನ ದೊಡ್ಡ ಕಾರ್ಖಾನೆಯಿತ್ತು. ಇಷ್ಟೆಲ್ಲ ಬೆಳೆದದ್ದು ಒಂದು ಸಣ್ಣ ಅಂಗಡಿಯಿಂದ. 18ನೇ ಶತಮಾನದ ಕೊನೆಗೆ ದಕ್ಷಿಣ ಇಟಲಿಯ ಕಲಾಬ್ರಿಯಾದಿಂದ ಬಂದ ಈ ಕುಟುಂಬ ಪಲೆರ್ಮೋದಲ್ಲಿ ಮಸಾಲೆ ಸಾಮಾನು ಮತ್ತು ಔಷಧಿ ಮಾರುತ್ತಿತ್ತು. ಮಲೇರಿಯಾಕ್ಕೆ ಕೊಡುವ ಸಿಂಕೋನಾ ತೊಗಟೆಯ ಪುಡಿ ಅವರಿಗೆ ಹೆಸರು ತಂದಿತು. ಮುಂದೆ ಎಷ್ಟು ಶ್ರೀಮಂತರಾದರೂ ಮನೆತನದ ಲಾಂಛನದಲ್ಲಿ ಆ ಮರ ಉಳಿದುಕೊಂಡಿತು: ಸಿಂಕೋನಾ ಮರದ ಬುಡದಲ್ಲಿ ಹರಿಯುವ ನೀರನ್ನು ಕುಡಿಯುತ್ತಿರುವ ಕಾಯಿಲೆಯ ಸಿಂಹ. ಒಂದು ಗಿಡದ ಔಷಧಿಯಿಂದ ಬದುಕು ಕಟ್ಟಿಕೊಂಡವರು ಕ್ಷಯಕ್ಕೂ ಮದ್ದು ಸಿಗುತ್ತದೆ ಎಂದು ನಂಬಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ, ಅಲ್ವಾ?

ನಂಬಿಕೆಗೆ ಕಾಲವೂ ಕೂಡಿಬಂದಿತ್ತು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟಿದ್ದರು. ಶತ್ರು ಯಾರೆಂದು ಗೊತ್ತಾಗಿತ್ತು, ಕೊಲ್ಲುವ ಮದ್ದು ಮಾತ್ರ ಇರಲಿಲ್ಲ. ಇದ್ದದ್ದು ಒಳ್ಳೆಯ ಗಾಳಿ, ಬಿಸಿಲು, ವಿಶ್ರಾಂತಿ, ಹೊಟ್ಟೆ ತುಂಬ ಊಟ. ಇದಕ್ಕಾಗಿಯೇ ಯುರೋಪಿನ ಬೆಟ್ಟಗಳಲ್ಲಿ, ಸಮುದ್ರ ತೀರಗಳಲ್ಲಿ ಸ್ಯಾನಟೋರಿಯಂಗಳು ಏಳುತ್ತಿದ್ದವು. ಪಲೆರ್ಮೋದ ವೈದ್ಯ ವಿಂಚೆಂಜೋ ಚೆರ್ವೆಲ್ಲೋ ಅಷ್ಟಕ್ಕೇ ನಿಲ್ಲಲಿಲ್ಲ. ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುವ ಒಂದು ಆವಿಯನ್ನು ರೋಗಿಗಳಿಗೆ ಉಸಿರಾಡಲು ಕೊಟ್ಟರೆ ಕ್ಷಯ ವಾಸಿಯಾಗುತ್ತದೆ ಎಂದು ಅವರು ಹೇಳಿದರು. ಅದಕ್ಕೆ ಇಗಾಜೋಲೋ ಎಂದು ಹೆಸರಿಟ್ಟರು. ಈ ಚಿಕಿತ್ಸೆಯ ಆಸ್ಪತ್ರೆಗೆಂದು ಇಗ್ನಾಜಿಯೋ ಫ್ಲೋರಿಯೋ ಸಮುದ್ರದ ಪಕ್ಕದ ಹಳೆಯ ಬಂಗಲೆಯೊಂದನ್ನು ಕೊಂಡರು. ಅದನ್ನು ದೊಡ್ಡದು ಮಾಡುವ ಕೆಲಸ ವಾಸ್ತುಶಿಲ್ಪಿ ಎರ್ನೆಸ್ತೋ ಬಸೀಲೆ ಅವರಿಗೆ ಸಿಕ್ಕಿತು.

ಚೆರ್ವೆಲ್ಲೋ ಅವರ ಯೋಚನೆ ಎಲ್ಲಿ ಎಡವಿತು ಎಂದು ಇವತ್ತು ಸುಲಭವಾಗಿ ಹೇಳಬಹುದು. ಫಾರ್ಮಾಲ್ಡಿಹೈಡ್ ಬ್ಯಾಕ್ಟೀರಿಯಾವನ್ನು ಖಂಡಿತ ಕೊಲ್ಲುತ್ತದೆ. ಅದರ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ನಿಷ್ಕ್ರಿಯ ಮಾಡುತ್ತದೆ. ಆದರೆ ನಮ್ಮ ಶ್ವಾಸಕೋಶದ ಒಳಪದರವೂ ಪ್ರೋಟೀನಿನದ್ದೇ. ಈ ರಾಸಾಯನಿಕಕ್ಕೆ ರೋಗಾಣು ಯಾವುದು, ರೋಗಿ ಯಾರು ಎಂಬ ಭೇದ ತಿಳಿಯದು. ಜೊತೆಗೆ ಕ್ಷಯದ ಬ್ಯಾಕ್ಟೀರಿಯಾ ಗಾಳಿ ತಾಗುವ ಜಾಗದಲ್ಲಿ ಸುಮ್ನೆ ಕೂತಿರುವುದಿಲ್ಲ. ನಮ್ಮದೇ ರಕ್ಷಣಾ ಕೋಶಗಳ ಒಳಗೆ ಸೇರಿಕೊಂಡು, ಗಂಟುಗಳ ನಡುವೆ ಅಡಗಿರುತ್ತದೆ. ಉಸಿರಲ್ಲಿ ಎಳೆದ ಆವಿ ಅಲ್ಲಿಗೆ ತಲುಪುವುದಿಲ್ಲ.

ಸ್ಯಾನಟೋರಿಯಂ ಬಾಗಿಲು ತೆರೆಯಲೇ ಇಲ್ಲ. 1900ರ ಡಿಸೆಂಬರಿನಲ್ಲಿ ಅದೇ ಕಟ್ಟಡ ಐಷಾರಾಮಿ ಹೋಟೆಲಾಗಿ ಶುರುವಾಯಿತು. ಬಸೀಲೆ ಬಾಗಿಲಿನಿಂದ ಹಿಡಿದು ಕುರ್ಚಿಯವರೆಗೆ ಎಲ್ಲವನ್ನೂ ಒಂದೇ ಶೈಲಿಯಲ್ಲಿ ರೂಪಿಸಿದರು. ಆಗ ಹೊಸದಾಗಿದ್ದ, ಬಳ್ಳಿ ಹೂವುಗಳ ಬಾಗು ತುಂಬಿದ ಆ ಶೈಲಿಯನ್ನು ಇಟಲಿಯಲ್ಲಿ ಲಿಬರ್ಟಿ ಎನ್ನುತ್ತಾರೆ. ಪೀಠೋಪಕರಣ ಮಾಡಿದ್ದು ಪಲೆರ್ಮೋದ್ದೇ ದ್ಯೂಕ್ರೋ ಕಾರ್ಖಾನೆ. ಒಂದು ಹಜಾರದ ಗೋಡೆಗಳ ಮೇಲೆ ಎತ್ತೋರೆ ದೆ ಮರೀಯಾ ಬೆರ್ಗ್ಲೆರ್ ಹೂಗಳ ನಡುವಿನ ಹೆಂಗಸರನ್ನು ಬರೆದರು. ಹೋಟೆಲ್ ತೆರೆದು ಎರಡು ವರ್ಷ ಆಗುವಷ್ಟರಲ್ಲಿ, 1902ರಲ್ಲಿ, ಇಗ್ನಾಜಿಯೋ ಮತ್ತು ಫ್ರಾಂಕಾ ಫ್ಲೋರಿಯೋ ಅವರ ಮಗಳು ಜೊವಾನ್ನಾ ಕ್ಷಯದಿಂದ ತೀರಿಕೊಂಡಳು. ಇನ್ನೂ ಎಳೆಯ ಹುಡುಗಿ. ಇಟಲಿಯ ಅತಿ ಶ್ರೀಮಂತ ಮನೆಗಳಲ್ಲಿ ಒಂದಾದ ಆ ಮನೆಯ ದುಡ್ಡು ಅವಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಹಾಗಾದರೆ ಸಮುದ್ರದ ಗಾಳಿಯ ಮೇಲಿನ ನಂಬಿಕೆ ಪೂರ್ತಿ ಸುಳ್ಳೇ? ಇಲ್ಲ. ನನಗೆ ಈ ಕಥೆಯಲ್ಲಿ ಬಹಳ ಮುಖ್ಯ ಅನಿಸುವುದು ಇದೇ. ಗಾಳಿ ರೋಗಿಯನ್ನು ವಾಸಿ ಮಾಡುವುದಿಲ್ಲ, ಪಕ್ಕದಲ್ಲಿರುವವರನ್ನು ಕಾಪಾಡುತ್ತದೆ. 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ಅವರ ತಂಡ ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ ಗಿನಿಯಿಲಿಗಳ ಕೋಣೆಗೆ ಬಿಟ್ಟರು. ಇಲಿಗಳು ರೋಗಿಗಳ ಹತ್ತಿರವೂ ಸುಳಿದಿರಲಿಲ್ಲ, ಆದರೂ ಅವುಗಳಿಗೆ ಟಿಬಿ ಬಂತು. ಆಮೇಲೆ ಅದೇ ಗಾಳಿಗೆ ನೇರಳಾತೀತ ಬೆಳಕು ಹಾಯಿಸಿ ಇನ್ನೊಂದು ಗುಂಪಿಗೆ ಕೊಟ್ಟರು. ಆ ಗುಂಪಿನ ಒಂದು ಇಲಿಗೂ ರೋಗ ಬರಲಿಲ್ಲ. ರೋಗ ಹರಡುವುದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಿಂದ ಎಂಬುದು ಹೀಗೆ ಖಚಿತವಾಯಿತು.

2007ರಲ್ಲಿ ಪೆರು ದೇಶದ ಲಿಮಾದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಗಾಳಿ ಗಂಟೆಗೆ ಸರಾಸರಿ 28 ಸಲ ಬದಲಾಗುತ್ತಿತ್ತು. ಯಂತ್ರ ಹಾಕಿ ಗಾಳಿಯಾಡಿಸುವ ಕೋಣೆಗಳ ಲೆಕ್ಕ 12. ಎಲ್ಲಕ್ಕಿಂತ ಚೆನ್ನಾಗಿ ಗಾಳಿಯಾಡುತ್ತಿದ್ದದ್ದು 1950ಕ್ಕಿಂತ ಹಿಂದಿನ ಕಟ್ಟಡಗಳಲ್ಲಿ. ಎತ್ತರದ ಚಾವಣಿ, ಅಗಲ ಕಿಟಕಿ, ಅಷ್ಟೇ ಗುಟ್ಟು. ಬಸೀಲೆ ಕಾಲದವರು ಕಟ್ಟುತ್ತಿದ್ದದ್ದು ಹಾಗೆಯೇ. ಕಾರಣ ತಪ್ಪಾಗಿ ತಿಳಿದಿದ್ದರೂ ಕಟ್ಟಿದ್ದು ಸರಿಯಾಗಿತ್ತು. ಆಸ್ಪತ್ರೆಗಳಿಗೆ ತೆರೆಯಲಾಗದ ಗಾಜಿನ ಕಿಟಕಿ ಕೂರಿಸುವ ಮೊದಲು ನಾವು ಇದನ್ನು ನೆನೆಯಬೇಕು.

ಕ್ಷಯಕ್ಕೆ ನಿಜವಾದ ಮದ್ದು ಸಿಕ್ಕಿದ್ದು 1943ರಲ್ಲಿ. ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಬಂತು. 1952ರಲ್ಲಿ ಐಸೋನಿಯಜಿಡ್ ಮಾತ್ರೆ ಬಳಕೆಗೆ ಬಂತು. ಇಗ್ನಾಜಿಯೋ ಫ್ಲೋರಿಯೋ ತೀರಿಕೊಂಡದ್ದು 1957ರಲ್ಲಿ. ಅಷ್ಟೊತ್ತಿಗೆ ಆಸ್ತಿಯೆಲ್ಲ ಕರಗಿತ್ತು. ಹೋಟೆಲ್ ಬೇರೆಯವರ ಕೈಗೆ ಹೋಗಿತ್ತು. ಮಗಳನ್ನು ಕೊಂದ ರೋಗಕ್ಕೆ ಮದ್ದು ಬಂದದ್ದನ್ನು ಮಾತ್ರ ಅವರು ಬದುಕಿರುವಾಗಲೇ ಜಗತ್ತು ಕಂಡಿತ್ತು.

ಅದೇ ಸಮಯದಲ್ಲಿ ಮದ್ರಾಸಿನಲ್ಲಿ ಒಂದು ಪ್ರಯೋಗ ನಡೆಯುತ್ತಿತ್ತು. ಕೆಲವು ರೋಗಿಗಳನ್ನು ಸ್ಯಾನಟೋರಿಯಂಗೆ ಸೇರಿಸಿದರು. ಉಳಿದವರು ಇಕ್ಕಟ್ಟಾದ ತಮ್ಮ ಮನೆಗಳಲ್ಲೇ ಇದ್ದರು. ಎರಡೂ ಗುಂಪಿಗೆ ಒಂದೇ ಬಗೆಯ ಮಾತ್ರೆಗಳು, ಒಂದು ವರ್ಷ. 1959ರಲ್ಲಿ ಫಲಿತಾಂಶ ಹೊರಬಿತ್ತು: ಗುಣವಾದವರ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಒಳ್ಳೆಯ ಊಟ, ಹಾಸಿಗೆ, ವಿಶ್ರಾಂತಿ ಇಲ್ಲದಿದ್ದರೂ ಮಾತ್ರೆ ತನ್ನ ಕೆಲಸ ಮಾಡಿತ್ತು. ಮನೆಯಲ್ಲಿದ್ದವರ ಕುಟುಂಬಕ್ಕೂ ಇದರಿಂದ ಜಾಸ್ತಿ ಅಪಾಯ ಆಗಿರಲಿಲ್ಲ. ಸ್ಯಾನಟೋರಿಯಂಗಳ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ರಾಜಮನೆತನದ್ದಾಗಿದ್ದ ಅವಲಾನ್ ಕಟ್ಟಡದಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡದ್ದು ಅಲ್ಲೇ. ರೋಗಿ ದೂರದ ಬೆಟ್ಟಕ್ಕೋ ಸಮುದ್ರಕ್ಕೋ ಹೋಗುವುದು ಬೇಡ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಂಡು ಮನೆಗೆ ಹೋಗಲಿ ಎಂಬುದು ಅದರ ತಿರುಳಾಗಿತ್ತು.