ಹಳೆ ಕಾರಿನ ಬೆಲೆ ಅದರ ಹೊಟ್ಟೆಯಡಿ ಇರುತ್ತದೆ

ಕಳೆದ ಮಳೆಗಾಲ ಮುಗಿದ ಮೇಲೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜೊಂದಕ್ಕೆ ಕೆಂಪು ಬಣ್ಣದ ಸ್ಯಾನ್ ಸ್ಟಾರ್ಮ್ ಬಂದು ನಿಂತಿತ್ತು. ಎರಡೇ ಸೀಟು, ತಗ್ಗು ಮೈ. ನೋಡದವರಿಗೆ ಹೇಳುತ್ತೇನೆ: 1998ರಲ್ಲಿ ಮಾರುಕಟ್ಟೆಗೆ ಬಂದ, ಗೋವಾದಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಇದು. ರೆನೋ ಕಂಪನಿಯ 1.2 ಲೀಟರ್ ಇಂಜಿನ್, ಫೈಬರ್ ಮೈ. ಓಟಕ್ಕಿಂತ ನೋಟವೇ ಜಾಸ್ತಿ. ಕೊಳ್ಳಲು ಬಂದವರು ಧಾರವಾಡದ ನಿವೃತ್ತ ಮೇಷ್ಟ್ರು. ಬೆಲೆ ಕಟ್ಟಿಕೊಡಿ ಎಂದು ನನ್ನನ್ನು ಕರೆಸಿದ್ದರು.

"ನೋಡ್ರಿ ಸರ, ಎಲ್ಲೂ ತುಕ್ಕಿಲ್ಲ" ಎಂದು ಮಾರುವವರು ಬಾನೆಟ್ ಮೇಲೆ ಕೈಯಾಡಿಸಿದರು. ಫೈಬರಿಗೆ ತುಕ್ಕು ಎಲ್ಲಿಂದ ಬರಬೇಕು, ಅಲ್ವಾ? ನಾನು ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿದೆ. ಕಬ್ಬಿಣದ ಚೌಕಟ್ಟಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಸ್ಕ್ರೂ ಡ್ರೈವರ್ ಹಿಡಿಕೆಯಿಂದ ಕುಟ್ಟುತ್ತ ಹೋದೆ. ಠಣ್, ಠಣ್, ಠಣ್. ಹಿಂದಿನ ಚಕ್ರದ ಹತ್ತಿರ ಮಾತ್ರ ಥಪ್ ಅಂತು. ಅಲ್ಲಿ ತುದಿ ಇಟ್ಟು ಒತ್ತಿದೆ. ಸೀದಾ ಒಳಗೆ ಹೋಯಿತು. ಕೆಂಪು ಪುಡಿ ಮುಖದ ಮೇಲೆ ಉದುರಿತು. ಕೇಳಿದ ಬೆಲೆಯ ಅರ್ಧಕ್ಕೂ ವ್ಯಾಪಾರ ಕುದುರಲಿಲ್ಲ.

ಆ ಗಾಡಿ ಅಷ್ಟು ವರ್ಷ ಸಮುದ್ರದ ದಂಡೆಯ ಊರಿನಲ್ಲಿತ್ತು. ಉಪ್ಪು ಗಾಳಿ ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ, ಹೊರಗೆ ಸುಳಿವು ಕೊಡುವುದಿಲ್ಲ. ಅದಕ್ಕೇ ನಾನು ಹಳೆ ಕಾರಿನ ಮಾಡೆಲ್ ಕೇಳುವ ಮೊದಲು ಅದು ಬಾಳಿದ ಊರು ಕೇಳುತ್ತೇನೆ. ಗದಗ, ರೋಣ ಕಡೆಯ ಗಾಡಿ ಎಂದರೆ ಕಿವಿ ನೆಟ್ಟಗಾಗುತ್ತದೆ. ಅಲ್ಲಿ ಮಳೆ ಕಡಿಮೆ, ಗಾಳಿ ಒಣ, ತಗಡು ಉಳಿದಿರುತ್ತದೆ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ಇಲಿ ವೈರಿಂಗ್ ಕಡಿದಿರುತ್ತದೆ, ಅದು ಬೇರೆ ಮಾತು. ವೈರಿಂಗ್ ಹೊಸದಾಗಿ ಎಳೆಯಬಹುದು. ಕರಗಿದ ಚೌಕಟ್ಟನ್ನು ಮೊದಲಿನಂತೆ ಮಾಡಲು ಹೋದರೆ ಕಾರಿನ ಬೆಲೆಗಿಂತ ಖರ್ಚೇ ಜಾಸ್ತಿ.

ಇಂಜಿನ್ ಸತ್ತಿದ್ದರೆ ನಾನು ಅಷ್ಟು ಹೆದರುವುದಿಲ್ಲ. ಹುಬ್ಬಳ್ಳಿಯ ಲೇತ್‌ಗಳಲ್ಲಿ ರಿಬೋರ್ ಮಾಡುವ, ಅಂದರೆ ಸವೆದ ಸಿಲಿಂಡರ್ ಕೊರೆದು ಸರಿಮಾಡುವ ಪಳಗಿದ ಕೈಗಳಿವೆ. ಆದರೆ ಅದು ಆ ಕಾರಿನದ್ದೇ ಇಂಜಿನ್ ಆಗಿರಬೇಕು.

ಗದಗಿನ ಒಂದು ಮನೆಯ ಕಾಂಟೆಸ್ಸಾ ನೆನಪಾಗುತ್ತದೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಅಚ್ಚು ತಂದು ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಬಿಟ್ಟ ಗಾಡಿ ಅದು. ಮೊದಲು ಹಾಕಿದ್ದು ಅಂಬಾಸಡರ್ ಕಾರಿನ 1.5 ಲೀಟರ್ ಇಂಜಿನ್. ಅಷ್ಟು ದೊಡ್ಡ ಮೈಯನ್ನು ಎಳೆಯಲು ಅದು ಏದುಸಿರು ಬಿಡುತ್ತಿತ್ತು. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಇಂಜಿನ್ ಬಂತು. ಇವತ್ತು ಜನ ಹುಡುಕುವುದು ಅದನ್ನೇ. ಈ ಮನೆಯ ಗಾಡಿಯೂ ಇಸುಜು. ತಗಡು ಗಟ್ಟಿ, ಒಬ್ಬರೇ ಮಾಲೀಕರು, ಬಂಪರಿನ ಕ್ರೋಮ್ ಕೂಡ ಮೊದಲಿನದೇ. ಖುಷಿಯಿಂದ ಬಾನೆಟ್ ಎತ್ತಿದೆ. ಒಳಗೆ ಮ್ಯಾಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಕೂತಿತ್ತು!

"ಆಗ ಪೆಟ್ರೋಲ್ ಬಾಳ ತುಟ್ಟಿ ಆಗಿತ್ತಲ್ರಿ. ಅಪ್ಪಾರು ಡೀಸೆಲ್ ಮಾಡ್ಸಿದ್ರು" ಎಂದರು ಮನೆಯವರು.

"ಹಳೇ ಇಂಜಿನ್ ಎಲ್ಲೈತ್ರಿ?"

"ಗುಜರಿಗೆ ತೂಕಕ್ಕ ಹಾಕೀವ್ರಿ."

ಆಗಿನ ಕಾಲಕ್ಕೆ ಅದು ಜಾಣತನವೇ, ನಾನು ಬಯ್ಯುವುದಿಲ್ಲ. ಆದರೆ ಇವತ್ತು ಆರ್‌ಸಿಯಲ್ಲಿ ಪೆಟ್ರೋಲ್, ಗಾಡಿಯಲ್ಲಿ ಡೀಸೆಲ್. ಅನುಮತಿ ಇಲ್ಲದೆ ಹೀಗೆ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಬೇರೆ ಕಡೆಯಿಂದ ಇಸುಜು ಇಂಜಿನ್ ತಂದು ಕೂರಿಸಿದರೂ ಅದರ ಮೇಲಿನ ನಂಬರ್ ಇನ್ನೊಂದು ಗಾಡಿಯದ್ದು. ಕಾರ್ಖಾನೆಯಿಂದ ಜೊತೆಯಾಗಿ ಹೊರಬಿದ್ದ ಇಂಜಿನ್ ನಂಬರ್, ಚಾಸಿ (ಚೌಕಟ್ಟು) ನಂಬರ್ ಎರಡೂ ಇದ್ದರೇ ಸಂಗ್ರಹಕಾರರು ಪೂರ್ತಿ ದುಡ್ಡು ಬಿಚ್ಚುವುದು. ಅದಕ್ಕೇ ನಾನು ಎರಡೂ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತೇನೆ. ಯಾರಾದರೂ ಗೀಚಿ ಮತ್ತೆ ಕೊರೆದಿದ್ದರೆ ಕಾಗದದ ಮೇಲೆ ಅಂಕಿಗಳು ಸಾಲು ತಪ್ಪಿ ನಿಲ್ಲುತ್ತವೆ.

ಇದು ನಮ್ಮ ಊರಿನ ಹುಚ್ಚು ಮಾತ್ರ ಅಲ್ಲ. ಪೋರ್ಷೆ 911 ಕಾರಿನ ಇಂಜಿನ್ 1998ರವರೆಗೆ ಗಾಳಿಯಿಂದ ತಣಿಯುತ್ತಿತ್ತು, ನಂತರದ್ದಕ್ಕೆ ನೀರು ಬಂತು. ಆ ಕೊನೆಯ ಗಾಳಿ ಇಂಜಿನ್ನಿನವುಗಳಿಗೆ ಅವುಗಳ ಬೆನ್ನಿಗೆ ಬಂದ ಹೊಸ ಮಾಡೆಲ್‌ಗಿಂತ ಜಾಸ್ತಿ ಬೆಲೆ. ಇನ್ನು ಮುಂದೆ ಹುಟ್ಟದ ಜಾತಿ ಎಂಬುದೇ ಕಾರಣ. ಮೂರು ವರ್ಷಕ್ಕಿಂತ ಹಳೆಯ ಸಾಮಾನ್ಯ ಕಾರನ್ನು ಹೊರದೇಶದಿಂದ ತರಲು ನಮ್ಮಲ್ಲಿ ಬಿಡುವುದಿಲ್ಲವಾದ್ದರಿಂದ, ಇಲ್ಲಿ ಉಳಿದವಕ್ಕೆ ಗಿರಾಕಿ ಇನ್ನೂ ಜಾಸ್ತಿ.

ಬಣ್ಣದ ವಿಷಯದಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಕೆಲಸಕ್ಕೆ ಹೊಸಬ. ಕನ್ನಡಿಯಂತೆ ಹೊಳೆಯುವ ಪದ್ಮಿನಿ ಕಾರೊಂದಕ್ಕೆ ಕೈತುಂಬ ಬೆಲೆ ಬರೆದುಕೊಟ್ಟೆ. ಒಂದೇ ಮಳೆಗಾಲ. ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಕೆಳಗೆ ತೂತು, ತಗ್ಗು ಮುಚ್ಚಲು ಮೆತ್ತಿದ ಬೆರಳು ದಪ್ಪ ಪುಟ್ಟಿ. ಕೊಂಡವರು ಕಾರು ತಂದು ನಮ್ಮ ಮನೆ ಮುಂದೆಯೇ ನಿಲ್ಲಿಸಿದರು, ಮಾತಾಡಲಿಲ್ಲ. ಅವತ್ತಿನಿಂದ ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಜೇಬಿನಲ್ಲಿರುತ್ತದೆ. ತಗಡಿದ್ದರೆ ಕಚ್ಚುತ್ತದೆ, ಪುಟ್ಟಿ ಇದ್ದರೆ ಜಾರುತ್ತದೆ. ಮಾಸಿದರೂ ಕಂಪನಿ ಬಣ್ಣವೇ ಇರಲಿ ಎನ್ನುತ್ತೇನೆ. ಮಾರುವ ಮುಂಚೆ ಟಿಂಕರಿಂಗ್ ಮಾಡಿಸಿ, ಅಲಾಯ್ ವೀಲ್, ಹೊಸ ಸೀಟ್ ಕವರ್ ಹಾಕಿಸುವವರು ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ.

ಮೀಟರಿನ ಕಿಲೋಮೀಟರ್ ನಾನು ನೋಡುವುದೇ ಇಲ್ಲ. ಐದಂಕಿಯ ಮೀಟರ್ 99,999 ದಾಟಿದರೆ ಮತ್ತೆ ಸೊನ್ನೆ.

ಕಾಗದಪತ್ರ ಮಾತ್ರ ಸಾಲು ಸಾಲಾಗಿ ಓದುತ್ತೇನೆ. ಹದಿನೈದು ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಿದೆಯಾ? ಮಾಲೀಕರು ತೀರಿಕೊಂಡಿದ್ದರೆ ಗಾಡಿ ಮಕ್ಕಳ ಹೆಸರಿಗೆ ಬಂದಿದೆಯಾ? ಮೂರು ಅಣ್ಣತಮ್ಮಂದಿರಲ್ಲಿ ಒಬ್ಬರು ಸಹಿ ಹಾಕದೆ ಶೆಡ್ಡಿನಲ್ಲೇ ಕೊಳೆತ ಗಾಡಿಗಳನ್ನು ಕಂಡಿದ್ದೇನೆ. ದಿಲ್ಲಿ ಗಾಡಿ ಸೋವಿ ಎಂದು ತರುವವರು ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿ ಕಟ್ಟಬೇಕಾದ ಟ್ಯಾಕ್ಸ್ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

50 ವರ್ಷ ದಾಟಿದ, ಬದಲಾವಣೆ ಮಾಡದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಫೀ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ "ವಿಎ" ಎಂಬ ಅಕ್ಷರ. ಅದು ಬಿದ್ದರೆ ಬೆಲೆ ಏರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ; ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಷ್ಟೇ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಉಣಕಲ್ ಕೆರೆವರೆಗೆ ಹೋಗಿಬರುವ ಆಸೆಯ ಗಿರಾಕಿ ಅಲ್ಲಿಗೇ ಹಿಂದೆ ಸರಿಯುತ್ತಾನೆ.

ಧಾರವಾಡದ ಮೇಷ್ಟ್ರು ಈಗ ಮತ್ತೆ ಫೋನ್ ಮಾಡಿದ್ದಾರೆ. ಹಾವೇರಿಯಲ್ಲೊಂದು ಇಸುಜು ಕಾಂಟೆಸ್ಸಾ ಇದೆಯಂತೆ, ಇಂಜಿನ್ ಬದಲಾಗಿಲ್ಲವಂತೆ. ನಾಳೆಯೇ ಹೋಗೋಣ ಎಂದರು. ಒಂದು ದೊಡ್ಡ ಮಳೆ ಬೀಳಲಿ ಸರ್, ಮರುದಿನ ಹೋಗೋಣ ಎಂದಿದ್ದೇನೆ. ಕಾರ್ಪೆಟ್ ಎತ್ತಿ, ಒಳಗೆ ನೀರು ಸೋರಿದೆಯಾ ಎಂದು ಕೈಯಿಟ್ಟು ನೋಡಬೇಕು.